ಸದ್ದಿನ ಕೆಳಗಿನ ಸೇಬು

ನಮ್ಮ ಚಿಕ್ಕಪ್ಪನಿಗೆ ದೇವರು ಬಾಯಿ ಕೊಟ್ಟಿದ್ದು ಊಟಕ್ಕಲ್ಲ, ಪ್ರಶ್ನೆ ಕೇಳುವುದಕ್ಕೆ! ಹಲಸೂರಿನ ಮೆಟ್ರೊ ಸ್ಟೇಷನ್ನಿನಲ್ಲಿ ಸೆಕ್ಯುರಿಟಿಯವರನ್ನು ಹಿಡಿದುಕೊಂಡು, "ಈ ಮಿಷನ್ನಲ್ಲಿ ನನ್ನ ಕೊಡೆ ಹೆಂಗೆ ಕಾಣತ್ತೆ, ಸ್ವಲ್ಪ ತೋರ್ಸಿ" ಎಂದು ಕೇಳಿ, ಹಿಂದೆ ನಿಂತವರಿಂದೆಲ್ಲ ಬೈಸಿಕೊಂಡವರು. ಬೈಸಿಕೊಂಡಾದರೂ ಸುಮ್ಮನಾದರೇ? "ನೀವೆಲ್ಲ ಇಷ್ಟು ಅರ್ಜೆಂಟಾಗಿ ಎಲ್ಲಿಗೆ ಹೊರ್ಟಿದ್ದೀರಿ?" ಎಂದು ಅವರನ್ನೂ ವಿಚಾರಿಸಿದರು.

ಈ ಪ್ರಶ್ನೆಗಳೆಲ್ಲ ಒಂದೇ ಕಡೆ ತಿರುಗಿದ್ದು ಚಿಕ್ಕಮ್ಮನಿಗೆ ಜ್ವರ ಬಂದ ಮೇಲೆ. ಜ್ವರವೇನೋ ವಾರದಲ್ಲಿ ಬಿಟ್ಟಿತು. ಹೋಗುವಾಗ ಅವರ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಹೊತ್ತುಕೊಂಡು ಹೋಯಿತು. "ಬರತ್ತೆ, ಕಾಯ್ಬೇಕು" ಎಂದರು ಡಾಕ್ಟರು. ಎರಡು ತುತ್ತಿಗೇ ಚಿಕ್ಕಮ್ಮ ತಟ್ಟೆ ಸರಿಸುತ್ತಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಅವರ ಬಳೆಗಳು ಸಡಿಲವಾಗಿ ಮೊಣಕೈವರೆಗೂ ಜಾರುತ್ತಿದ್ದವು.

"ಏನು ತಿಂದ್ರೂ ಒಂದೇ ಕಣ್ರೀ. ಹಪ್ಪಳ ಮಾತ್ರ ತಿಂದಂಗನ್ಸತ್ತೆ, ಸದ್ದಾದ್ರೂ ಬರತ್ತಲ್ಲ" ಎಂದರಂತೆ ಒಂದು ದಿನ. ಅಷ್ಟು ಸಾಕಾಯಿತು! ರಾಮಮೂರ್ತಿ ನಗರದಲ್ಲಿರುವ ನನಗೆ ಫೋನು ಬಂತು. "ಲೋ, ಬರೀ ಹಪ್ಪಳ ತಿಂದ್ಕೊಂಡು ಇರಕ್ಕಾಗತ್ತೇನೋ? ಸದ್ದಿನ ಕೆಳಗೆ ಹಣ್ಣು ಬಚ್ಚಿಡ್ಬೇಕು. ಬಾ ಇಲ್ಲಿ!"

ಚಿಕ್ಕಪ್ಪ ಮೊಬೈಲಿನಲ್ಲಿ ಆಪಲ್ ಪೈ ಮಾಡುವ ವಿಡಿಯೊ ನೋಡಿದ್ದರು. ಕೆಳಗೆ ಹಿಟ್ಟಿನ ಹಾಸು, ನಡುವೆ ಸೇಬು, ಮೇಲೆ ಬೆಣ್ಣೆ, ಸಕ್ಕರೆ ಬೆರೆಸಿದ ಹಿಟ್ಟನ್ನು ಪುಡಿಪುಡಿಯಾಗಿ ಉದುರಿಸುವುದು. ಕ್ರಂಬಲ್ ಎಂದು ಅದರ ಹೆಸರು. ಬೆಂದ ಮೇಲೆ ಚಮಚ ಇಟ್ಟರೆ ಕುರುಂ ಎನ್ನುತ್ತಿತ್ತು. ಹಾಲನ್ನು ಉಕ್ಕಿಸದೆ ಕಾಯಿಸಿ ಗೊತ್ತಿಲ್ಲದ ಈ ಮನುಷ್ಯ ಪೈ ಮಾಡುವುದೆಂದರೆ! ನನಗೂ ಕುತೂಹಲ ತಡೆಯಲಿಲ್ಲ.

ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಒಂದೊಂದೇ ಸೇಬು ಎತ್ತಿ, "ಇದು ಬೇಯಿಸಿದ್ರೆ ಗಟ್ಟಿ ಇರತ್ತಾ, ಕರಗತ್ತಾ?" ಎಂದು ಕೇಳಿದರು. ಹಣ್ಣಿನವನು ಕೈಮುಗಿದ. "ಸಾರ್, ಎಲ್ರೂ ಸಿಹಿ ಇದ್ಯಾ ಅಂತಾರೆ. ಸೇಬಿನ ಜಾತಕ ಕೇಳಿದ್ದು ನೀವೊಬ್ರೇ!"

ಪುಡಿಯನ್ನು ಬೆರಳ ತುದಿಯಲ್ಲೇ ಉಜ್ಜಬೇಕಂತೆ, ಅಂಗೈ ಬಿಸಿಗೆ ಬೆಣ್ಣೆ ಕರಗಿಬಿಡುತ್ತದಂತೆ. ಚಿಕ್ಕಪ್ಪ ಐಸ್ ನೀರಿನಲ್ಲಿ ಕೈ ಅದ್ದಿಕೊಂಡು, ನಡುಗುತ್ತ, ಉಜ್ಜಿಯೇ ಉಜ್ಜಿದರು.

ಮನೆಯಲ್ಲಿ ಓವನ್ ಇಲ್ಲ. ಅದೇನು ದೊಡ್ಡ ವಿಷಯ? ಕ್ರಿಸ್ಮಸ್ ಬಂದರೆ ಕಂಟೋನ್ಮೆಂಟಿನ ಎಷ್ಟೋ ಮನೆಯವರು ಕೇಕಿನ ಹಿಟ್ಟನ್ನು ಟ್ರೇಯಲ್ಲಿ ಹೊತ್ತು ಬೇಕರಿಯ ಸೌದೆ ಒಲೆಗೆ ಕೊಟ್ಟು ಬರುವುದಿಲ್ಲವೇ? ನಾವೂ ಒಬ್ಬ ಬೇಕರಿ ಭಾಯ್ ಹತ್ತಿರ ಟ್ರೇ ಕೊಟ್ಟು, ಚಹಾ ಕುಡಿಯಲು ಹೋದೆವು.

ವಾಪಸ್ ಹೋದರೆ ಭಾಯ್ ಮುಖದಲ್ಲಿ ಮಹಾ ಉಪಕಾರ ಮಾಡಿದ ಸಂತೋಷ! "ಸಾಬ್, ಮೇಲಿನ ಹಿಟ್ಟು ಕಲ್ಸೋದೇ ಮರ್ತುಬಿಟ್ಟಿದ್ರಿ. ಪುಡಿ ಹಂಗೇ ಇತ್ತು. ನಾನೇ ಎಲ್ಲಾ ಗೋರಿ ತೆಗ್ದು, ನೀರು ಹಾಕಿ ನಾದಿ, ಫಸ್ಟ್ ಕ್ಲಾಸಾಗಿ ಮುಚ್ಚಿದ್ದೀನಿ."

ಇಪ್ಪತ್ತು ನಿಮಿಷ ಉಜ್ಜಿದ ಪುಡಿ ಚಪ್ಪಲಿಯ ಅಟ್ಟೆಯಾಗಿತ್ತು. ಚಿಕ್ಕಮ್ಮ ಒಂದು ತುಂಡು ಬಾಯಿಗಿಟ್ಟು, ಸದ್ದಿಲ್ಲದೆ ಅಗಿದು, "ಚೆನ್ನಾಗಿದೆ" ಎಂದು ತಟ್ಟೆ ಸರಿಸಿದರು. ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ.

ಮಾರನೆಯ ದಿನ ಮತ್ತೆ ಐಸ್ ನೀರು, ಮತ್ತೆ ಟ್ರೇ. ಈ ಸಲ ಚಿಕ್ಕಪ್ಪ ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕಾವಲು ಕೂತರು.

"ಯಾರಿಗೆ ಸಾಬ್ ಇಷ್ಟೊಂದು ಪರೇಶಾನಿ?" ಎಂದ ಭಾಯ್. ಜೀವಮಾನದಲ್ಲಿ ಮೊದಲ ಸಲ ಚಿಕ್ಕಪ್ಪನನ್ನೇ ಒಬ್ಬರು ಪ್ರಶ್ನೆ ಕೇಳಿದ್ದು! ಎಲ್ಲವನ್ನೂ ಹೇಳಿದರು. ಭಾಯ್ ಹೊರಗೆಳೆದಿದ್ದ ಟ್ರೇಯನ್ನು ಮತ್ತೆ ಒಳಗೆ ತಳ್ಳಿದ. "ಇನ್ನೈದು ನಿಮಿಷ ಇರ್ಲಿ ಸಾಬ್. ಸದ್ದು ಬರ್ಬೇಕಲ್ವಾ."

ಆಟೋದಲ್ಲಿ ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆವು. ಚಿಕ್ಕಮ್ಮ ಚಮಚ ಇಟ್ಟರು. ಕುರುಂ! ಒಂದು ತುತ್ತಾಯಿತು, ಎರಡಾಯಿತು, ಮೂರನೆಯದೂ ಆಯಿತು. "ಇನ್ನೊಂಚೂರು ಹಾಕ್ರೀ" ಎಂದರು.

ಈಗ ಶುರುವಾಗುತ್ತದೆ ಎಂದುಕೊಂಡೆ ನಾನು. ರುಚಿ ಗೊತ್ತಾಯ್ತಾ, ವಾಸನೆ ಬಂತಾ ಎಂದು ಪ್ರಾಣ ತಿನ್ನುತ್ತಾರೆ. ಚಿಕ್ಕಪ್ಪ ಏನೂ ಕೇಳಲಿಲ್ಲ. ತಟ್ಟೆಗೆ ಇನ್ನೊಂದು ತುಂಡು ಹಾಕಿದರು. ಎದ್ದು ಹೋಗಿ ಕಿಟಕಿ ಮುಚ್ಚಿದರು, ಟಕಟಕ ಎನ್ನುತ್ತಿದ್ದ ಫ್ಯಾನನ್ನೂ ಆಫ್ ಮಾಡಿದರು. ಆ ಸೆಕೆಯಲ್ಲಿ ಅವರು ಹೆಂಡತಿಯ ಪಕ್ಕ ಕೂತು, ಆಕೆ ಅಗಿಯುವ ಸದ್ದನ್ನು ಕೇಳುತ್ತಿದ್ದರು.