ಬೀಗಿತಿಯ ಸೀರೆಯೊಳಗೆ ಎರಡು ಕಾದಂಬರಿ

ಕಾದಂಬರಿ ಓದುವುದರಿಂದ ಯಾರಿಗೂ ಯಾವ ಅಪಾಯವೂ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈ ವಿಷಯದ ಮೇಲೆ ಚರ್ಚಾಸ್ಪರ್ಧೆ ಇಟ್ಟಿದ್ದರೆ ಇವತ್ತು ಪರವಾಗಿ ಮಾತಾಡಿ ಒಂದು ಕಪ್ಪು, ನಾಳೆ ವಿರೋಧವಾಗಿ ಮಾತಾಡಿ ಇನ್ನೊಂದು ಕಪ್ಪು ಗೆದ್ದು ತರುತ್ತಿದ್ದೆ. ಮಕ್ತಲ್‌ನ ನಮ್ಮ ಮನೆಯ ಕಪಾಟಿನಲ್ಲಿ ಅಂಥ ಏಳು ಕಪ್ಪುಗಳಿವೆ. ಒಂದರಲ್ಲಿ ಅವ್ವ ಸಾಸಿವೆ ಇಟ್ಟಿದ್ದಾಳೆ.

ಕಳೆದ ಚಳಿಗಾಲ ನಮ್ಮೂರಿನ ಓದುಗರ ಕೂಟದವರು ಎರಡು ಹೊಸ ಕಾದಂಬರಿಗಳನ್ನು ನನ್ನ ಕೈಗಿಟ್ಟು, "ನಿಮ್ಮ ಅನಿಸಿಕೆ ಹೇಳಬೇಕ್ರಿ" ಎಂದರು. ಅನಿಸಿಕೆ! ನನಗೆ ಅನಿಸಿಕೆಗಳಿರುವುದಿಲ್ಲ, ವಾದಗಳಿರುತ್ತವೆ. ಆದರೂ ದೊಡ್ಡ ಮನಸ್ಸು ಮಾಡಿ ಒಪ್ಪಿದೆ. ಪುಸ್ತಕಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದವರು ನಿರಪರಾಧಿಗಳು.

ಅದೇ ವಾರ ನಾರಾಯಣಪೇಟೆಗೆ, ನನ್ನ ಸೋದರಮಾವನ ಮನೆಗೆ, ಹೋಗಬೇಕಾಯಿತು. ಮಾಮನ ಮಗಳು ಪಾರುವಿಗೆ ಗದ್ವಾಲದ ಸಂಬಂಧ ಕೂಡಿಬಂದಿತ್ತು. ಮಾಮ ನೇಕಾರರು. ಬೀಗರೂ ನೇಕಾರರು. ಮಾಮನ ಎದೆ ಹೊಡೆದುಕೊಳ್ಳುತ್ತಿದ್ದುದು ಇದಕ್ಕೇ. ಸೀರೆಗೇ ಹೆಸರಾದ ಈ ಎರಡು ಊರಿನ ನೇಕಾರರು ಎದುರುಬದುರಾದರೆ ಮೊದಲು ನೋಡುವುದು ಮುಖವನ್ನಲ್ಲ, ಮೈಮೇಲಿನ ಸೀರೆಯ ಅಂಚನ್ನು. ನಿಶ್ಚಯದ ದಿನ ಬೀಗಿತಿಗೆ, ಅಂದರೆ ಹುಡುಗನ ತಾಯಿಗೆ, ಉಡಿ ತುಂಬಿ ಸೀರೆ ಕೊಡಬೇಕು. ಅಂಗಡಿಯಿಂದ ತಂದರಾಯಿತಲ್ಲ ಎಂದೆ.

"ಮನಿಯಾಗ ಮಗ್ಗ ಇಟಗೊಂಡು ಮಂದಿ ನೇಯ್ದ ಸೀರಿ ಕೊಡ್ಲೇನು? ಗದ್ವಾಲದವ್ರು ಏನಂದಾರು?" ಎಂದು ಮಾಮ ಮಗ್ಗದ ಕುಣಿಗೆ ಇಳಿದರು.

ಅವರು ಕುಣಿಗೆ ಇಳಿದದ್ದು ನೋಡಿ ನನಗೊಂದು ಅದ್ಭುತ ವಿಚಾರ ಹೊಳೆಯಿತು. ನನ್ನ ವಾದ ಒರೆಗೆ ಹಚ್ಚಲು ಒಬ್ಬ ಶ್ರೋತೃ ಬೇಕಾಗಿತ್ತು. ಕಾಲೆರಡೂ ಗುಂಡಿಯಲ್ಲಿ, ಕೈಯೆರಡೂ ಕೆಲಸದಲ್ಲಿ, ದಿನವಿಡೀ ಎದ್ದು ಹೋಗಲಾಗದ ಶ್ರೋತೃ ಯಾವ ಸಭೆಗೆ ಸಿಕ್ಕಾನು? "ಮಾಮಾ, ಆ ಫೋನಿನ ಹಾಡು ಬಂದ್ ಮಾಡ್ರಿ. ನಾ ಕಾದಂಬರಿ ಓದ್ತೀನಿ" ಎಂದೆ. ಮಾಮ ಸಂಕೋಚದಿಂದ ನಕ್ಕರು. ಓದಿದ ಸೋದರಸೊಸೆಯ ಮಾತು ಮೀರುವ ಮನುಷ್ಯ ಅವರಲ್ಲ. ಅದೇ ಅವರ ದುರ್ದೈವ.

ಮೊದಲನೆಯದು ಕಲ್ಪನಾಲೋಕದ ಕಾದಂಬರಿ. ಒಂದು ದಿನ ಬೆಳಿಗ್ಗೆ ನದಿ ಹಿಂದಕ್ಕೆ ಹರಿಯಲು ಶುರುಮಾಡುತ್ತದೆ. ಅದಕ್ಕೆ ಬಿಟ್ಟದ್ದೆಲ್ಲ ಒಂದೊಂದಾಗಿ ವಾಪಸು ಬರುತ್ತದೆ: ಹೂವು, ಹಳೆ ದೇವರ ಪಟ, ಜಗಳದಲ್ಲಿ ಎಸೆದ ಬಿಂದಿಗೆ. ಮೂವತ್ತು ವರ್ಷದ ಹಿಂದೆ ಮುಳುಗಿದ ಅಂಬಿಗನ ಹೆಂಡತಿ ದಂಡೆಯ ಮೇಲೆ ಕುಳಿತು ಕಾಯುತ್ತಾಳೆ.

ನಾಲ್ಕು ಪುಟ ಓದಿ ತಲೆ ಎತ್ತಿದೆ. ಮಾಮನ ತುಟಿ ಪಿಟಿಪಿಟಿ ಅಲ್ಲಾಡುತ್ತಿತ್ತು. ಜಪ! ನಾನು ಇಲ್ಲಿ ಸಾಹಿತ್ಯ ಓದುತ್ತಿದ್ದರೆ ಇವರು ಅಲ್ಲಿ ದೇವರ ಹೆಸರು ಗುಣುಗುತ್ತಿದ್ದಾರೆ! ನನ್ನೊಳಗಿನ ವಿಚಾರವಾದಿ ಎದ್ದು ನಿಂತಳು. ಜಪದಿಂದ ಫಲ ಸಿಗುತ್ತದೆ ಎನ್ನುವುದಕ್ಕೆ ಪುರಾವೆಯೇನು, ಬಾಯಿ ಅಲ್ಲಾಡಿಸುವುದಕ್ಕೂ ಕೆಲಸ ಚೆನ್ನಾಗಿ ಆಗುವುದಕ್ಕೂ ಏನು ಸಂಬಂಧ, ಎಂದು ಐದು ಅಂಶಗಳಲ್ಲಿ, ಗಂಟೆ ಬಾರಿಸುವ ಮೊದಲೇ ಮುಗಿಸಿದೆ.

ಮಾಮ ಲಾಳಿ ಹಿಡಿದು ಕಣ್ಣು ಪಿಳಿಪಿಳಿ ಬಿಟ್ಟರು. "ಇದು ಬಿಟ್ರ ನಡೀತೈತೇನವ್ವ ಸುಜಿ?"

"ಬರೋಬ್ಬರಿ ನಡೀತೈತ್ರಿ. ಮನಸ್ಸಿಟ್ಟು ಕೇಳಿದ್ರ ಸಾಕು."

"ಓದಿದಾಕಿ ಹೇಳ್ತಿ ಅಂದಮ್ಯಾಲ ಆತು ಬಿಡು" ಎಂದು ಬಾಯಿ ಮುಚ್ಚಿದರು. ಒಂದು ಮೂಢನಂಬಿಕೆ ನಾರಾಯಣಪೇಟೆಯಿಂದ ತೊಲಗಿತು ಎಂದು ನಾನು ಹೆಮ್ಮೆಯಿಂದ ಪುಟ ತಿರುವಿದೆ.

ಕಥೆ ಏರುತ್ತ ಹೋಯಿತು. ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದ ಪಾರು ರಾಟೆ ನಿಲ್ಲಿಸಿ ಬಾಯಿ ತೆರೆದು ಕುಳಿತಳು. ಮೂರನೆಯ ದಿನ ಅಂಬಿಗ ಬಂದೇ ಬಿಟ್ಟ. ಹೋಗುವಾಗ ಇದ್ದ ಅದೇ ಇಪ್ಪತ್ತೈದರ ಹರೆಯ. ದಂಡೆಯ ಮೇಲೆ ನರೆತ ತಲೆಯ ಹೆಂಗಸನ್ನು ನೋಡಿ ಕೈಮುಗಿದು ಕೇಳಿದ: "ತಾಯಿ, ನನ್ನ ಹೆಂಡತಿ ಎಲ್ಲಿದ್ದಾಳೆ?"

ನಾನು ಕಿರುಚಿದೆ. ಸುಳ್ಳು ಹೇಳುವುದಿಲ್ಲ, ಏಳು ಕಪ್ಪು ಗೆದ್ದವಳು ಕಿಟಾರನೆ ಕಿರುಚಿಬಿಟ್ಟೆ! ಒಳಗಿನಿಂದ ಅತ್ತೆ ಸೌಟು ಹಿಡಿದು ಓಡಿ ಬಂದರು.

"ಏನಾತು? ಹಾವೇನು?"

"ಗಂಡ ಬಂದ!" ಎಂದಳು ಪಾರು ಬಿಕ್ಕುತ್ತ.

"ಯಾರ ಗಂಡ?" ಅತ್ತೆಯ ಮುಖ ಬಿಳಿಚಿಕೊಂಡಿತು. ನಿಶ್ಚಯ ಇಟ್ಟುಕೊಂಡ ಮನೆಯಲ್ಲಿ ಆಡುವ ಮಾತಲ್ಲ ಅದು. ಸಮಾಧಾನ ಮಾಡಲು ಇಡೀ ಕಥೆ ಮೊದಲಿಂದ ಹೇಳಬೇಕಾಯಿತು.

ನಾನು ಮಾತ್ರ ಬೇಗ ಚೇತರಿಸಿಕೊಂಡು ಟಿಪ್ಪಣಿ ಬರೆದೆ: "ಗಂಭೀರ ದೋಷ. ನದಿ ಹಿಂದಕ್ಕೆ ಹರಿದರೆ ಅಣೆಕಟ್ಟಿನ ಗೇಟುಗಳ ಗತಿಯೇನು? ಲೇಖಕರು ಮೌನ." ಅದನ್ನು ಮಾಮನಿಗೂ ವಿವರಿಸಿದೆ.

"ಜೂರಾಲ ಗೇಟು ಹೆಂಗ ದಾಟಿದ ಅನ್ನೂದು ನಿನ್ನ ಚಿಂತಿ" ಎಂದರು ಮಾಮ ಮೂಗೊರೆಸಿಕೊಳ್ಳುತ್ತ. "ಆ ಹೆಣ್ಮಗಳು ಏನಂತ ಜವಾಬು ಕೊಟ್ಟಾಳು ಅನ್ನೂದು ನಂದು. ಮುಂದ ಓದು."

ಎರಡನೆಯದು ಗಂಭೀರ ಸಾಹಿತ್ಯ. ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್. ಹಳೆ ಚೀಲ ಜಾಡಿಸುವಾಗ ಅವನಿಗೇ ಬಂದ, ಅವನೇ ಹಂಚದೆ ಬಿಟ್ಟ ಒಂದು ಪತ್ರ ಸಿಗುತ್ತದೆ. ತೆಗೆಯಲೋ ಬೇಡವೋ ಎಂದು ಮುನ್ನೂರು ಪುಟ ಯೋಚಿಸುತ್ತಾನೆ. ಕೊನೆಯ ಪುಟದಲ್ಲಿ ಅದನ್ನು ಹಾಗೇ ಗೂಡಿನಲ್ಲಿಟ್ಟು ಚಹಾ ಕುಡಿಯುತ್ತಾನೆ. ಮುಗಿಯಿತು.

"ಎಂಥ ಸಂಯಮ!" ಎಂದೆ ನಾನು ಪುಸ್ತಕ ಮುಚ್ಚಿ.

"ತೆಗೀಲೇ ಇಲ್ಲಾ?" ಮಾಮ ದಂಗುಬಡಿದು ಹೋದರು. "ಮುನ್ನೂರು ಪುಟ ಕುಂದ್ರಿಸಿ ತೆಗೀಲೇ ಇಲ್ಲಾ? ಯಾರು ಬರೆದಿದ್ರಂತ?"

"ಅದು ಓದುಗರ ಕಲ್ಪನೆಗೆ ಬಿಟ್ಟದ್ದು ಮಾಮಾ."

"ನನ್ನ ಕಲ್ಪನಿಗಿ ಬಿಡಾಕ ಅಂವಗ ಯಾವನು ಹೇಳಿದ? ಪತ್ರ ಬರೆದಾಕಿ ಆ ಕಡಿ ಕಾಯ್ತಿದ್ರ?" ಮಾಮ ಹಣಿಗೆಯನ್ನು ಧಡ್ ಧಡ್ ಎಂದು ಬಡಿಯತೊಡಗಿದರು. ಎಳೆ ಕೂಡಿಸುವ ಆ ಚೌಕಟ್ಟೇ ಪೋಸ್ಟ್‌ಮ್ಯಾನನ ಕೆನ್ನೆಯೇನೋ ಎನ್ನುವ ಹಾಗೆ. ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು.

ನಿಶ್ಚಯದ ಹಿಂದಿನ ದಿನ ಸೀರೆ ಮುಗಿಯಿತು. ಮಗ್ಗದಲ್ಲಿ ನೇಯ್ದಷ್ಟೂ ಬಟ್ಟೆ ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಎದುರಿಗೆ ಕಾಣುವುದು ಗೇಣುದ್ದ ಮಾತ್ರ. ಆದ್ದರಿಂದ ಪೂರ್ತಿ ಸೀರೆಯನ್ನು ನಾವೆಲ್ಲ ಮೊದಲ ಸಲ ನೋಡಿದ್ದು ಪಡಸಾಲೆಯಲ್ಲಿ ಬಿಚ್ಚಿ ಹಾಸಿದಾಗ.

ಮೊದಲ ಮೊಳ ಸೊಗಸಾಗಿತ್ತು. ಅಂಚಿನಲ್ಲಿ ಸಾಲು ಗೋಪುರ, ಒಂದರಂತೆ ಒಂದು. ಆಮೇಲೆ ಒಂದು ಗೋಪುರ ಕುಳ್ಳಾಯಿತು. ಮುಂದಿನದು ತಾಳೆಮರವಾಯಿತು. ಅಂಬಿಗ ಬಂದ ಕಡೆ ಗೋಪುರವೇ ಇರಲಿಲ್ಲ, ಊರಿಗೆ ಊರೇ ಕೊಚ್ಚಿಹೋದ ಹಾಗೆ ಒಂದು ಗೇಣು ಬಯಲು! ಮಾಮ ಕಣ್ಣೀರಿಟ್ಟ ಕಡೆ ನೇಯ್ಗೆ ಸಡಿಲಾಗಿ ಸೊಳ್ಳೆಪರದೆಯಾಗಿತ್ತು. ಪೋಸ್ಟ್‌ಮ್ಯಾನನ ಮೇಲೆ ಸಿಟ್ಟು ಬಂದ ಕಡೆ ಕುರುಬರ ಕಂಬಳಿಯಷ್ಟು ದಪ್ಪ. ಸೆರಗು ಕೆಂಪಿರಬೇಕಾದಲ್ಲಿ ಅರ್ಧ ಹಸಿರು: ಪಾರು ಕಣ್ಣೀರಿನ ನಡುವೆ ಕೈಗೆ ಸಿಕ್ಕ ಕಂಡಿಕೆ ಕೊಟ್ಟಿದ್ದಳು, ಮಾಮ ಕಣ್ಣೀರಿನ ನಡುವೆ ಅದನ್ನೇ ಲಾಳಿಗೆ ಹಾಕಿದ್ದರು.

"ರೀ, ನಿಮ್ಮ ಕಣ್ಣು ಎಲ್ಲಿ ಇದ್ದಾವ್ರಿ?" ಎಂದರು ಅತ್ತೆ.

"ಕಣ್ಣ ಮುಂದ ಹೊಳಿ ಹರೀತಿತ್ತು. ಸೀರಿ ಎಲ್ಲಿ ಕಾಣಬೇಕು?"

"ನಲವತ್ತು ವರ್ಷದಾಗ ಒಂದು ಎಳಿ ತಪ್ಪಿಲ್ಲ. ಎಣಿಸಲಿಲ್ಲೇನು?"

ಮಾಮ ನನ್ನ ಕಡೆ ನೋಡಲಿಲ್ಲ. ಒಳ್ಳೆಯ ಮನುಷ್ಯ. "ಎಣಸ್ತಿದ್ದೆ" ಎಂದರು ನೆಲ ನೋಡುತ್ತ. "ಅದರಿಂದ ಫಾಯ್ದೆ ಇಲ್ಲಂತ ಸುಜಿ ಪುರಾವೆ ಸಮೇತ ಹೇಳಿದ್ಳು."

ಅಂದರೆ ಅದು ಜಪವಲ್ಲ! ಗೋಪುರ ಏರುವ ಎಳೆ, ಇಳಿಯುವ ಎಳೆ. ಆ ತುಟಿಗಳು ಲೆಕ್ಕ ಹಿಡಿಯುತ್ತಿದ್ದವು. ನೇಕಾರರ ಮಗಳ ಹೊಟ್ಟೆಯಲ್ಲಿ ಹುಟ್ಟಿ, ನಲವತ್ತು ವರ್ಷದ ಲೆಕ್ಕವನ್ನು ಐದು ಅಂಶಗಳಲ್ಲಿ ಸೋಲಿಸಿದ್ದೆ.

ಹೊಸದು ನೇಯಲು ವಾರ ಬೇಕು. ಇದ್ದದ್ದು ಒಂದು ದಿನ. ಸೀರೆ ಇಲ್ಲದೆ ಹೋದರೆ ಅವಮಾನ, ಈ ಸೀರೆ ಒಯ್ದರೆ ಇನ್ನೂ ಅವಮಾನ. ಪಾರು ಮೂಲೆಯಲ್ಲಿ ಕುಳಿತು, ಈ ಸಲ ಸ್ವಂತ ಕಾರಣಕ್ಕೆ, ಅತ್ತಳು. ನಾನು ಎದ್ದು ನಿಂತೆ. "ಚಿಂತಿ ಮಾಡಬ್ಯಾಡ್ರಿ ಅತ್ತಿ. ಬೀಗಿತಿಯವರ ಮುಂದ ಈ ಸೀರಿ ಪರವಾಗಿ ನಾ ವಾದ ಮಾಡ್ತೀನಿ."

"ನೀ ಬಾಯಿ ಮುಚಗೊಂಡು ಬಂದ್ರ ಅದ ದೊಡ್ಡ ಉಪಕಾರ" ಎಂದರು ಅತ್ತೆ.

ಮರುದಿನ ಮಕ್ತಲ್‌ಗೆ ಬಂದು ಗದ್ವಾಲದ ಬಸ್ಸು ಹಿಡಿದೆವು. ಜೂರಾಲ ಅಣೆಕಟ್ಟು ಬಂದಾಗ ಮಾಮ ಕಿಟಕಿಗೆ ಅಂಟಿಕೊಂಡು ನೀರನ್ನೇ ನೋಡುತ್ತ ನಿಟ್ಟುಸಿರು ಬಿಟ್ಟರು. "ಅದು ಮುಂದಕ್ಕ ಹರೀತೈತಿ, ಈ ಕಡಿ ತಿರುಗ್ರಿ" ಎಂದು ಅತ್ತೆ ಅವರ ತೋಳು ಎಳೆದರು.

ಬೀಗಿತಿಯ ಹೆಸರು ನರಸಮ್ಮ. ಉಡಿ ತುಂಬಿಸಿಕೊಂಡು, ಕೈಗೆ ಬಂದ ಸೀರೆಯನ್ನು ಹಣೆಗೆ ಒತ್ತಿಕೊಂಡು, ಎಲ್ಲರ ಮುಂದೆ ಸರ್‍ರನೆ ಬಿಚ್ಚಿದರು. "ಇದೇಂದಿ?" ಎಂದು ತೆಲುಗಿನಲ್ಲಿ ಉದ್ಗಾರ ತೆಗೆದು, ಆಮೇಲೆ ನಮಗಾಗಿ ಕನ್ನಡಕ್ಕೆ ಬಂದರು. "ಇದೇನ್ರಿ ಬೀಗರ?"

ಮಾಮನ ಕುತ್ತಿಗೆ ಬಗ್ಗಿತು. ನನಗೆ ತಡೆಯಲಾಗಲಿಲ್ಲ. "ಅಮ್ಮಾರ, ಇದು ತಪ್ಪಲ್ಲ, ಪ್ರಯೋಗ!" ಎಂದು ಶುರು ಮಾಡಿದೆ. ಒಂದೇ ಥರದ ಗೋಪುರಗಳು ಹಳೆಯ ದೃಷ್ಟಿ, ಈ ಏರುಪೇರು ಬೇಕೆಂದೇ ಮಾಡಿದ ನವೀನ ವಿನ್ಯಾಸ, ಎಂದು ಎರಡು ನಿಮಿಷ ನಿರರ್ಗಳವಾಗಿ ಹರಿದೆ.

ನರಸಮ್ಮ ಶಾಂತವಾಗಿ ಕೇಳಿದರು. "ಹೌದಾ? ಹಂಗಾರ ಇಂಥದ್ದ ಇನ್ನೊಂದು ನೇಯ್ದು ಕೊಡಾಕ ಹೇಳವ್ವ. ಬೇಕಂತ ಮಾಡಿದ್ದಾದ್ರ ಎರಡನೇ ಸಲಾನೂ ಬರಬೇಕಲ್ಲ?"

ಏಳು ಕಪ್ಪುಗಳ ಇತಿಹಾಸದಲ್ಲಿ ಮೊದಲ ಬಾರಿ ವಾದ ಅರ್ಧಕ್ಕೇ ಬಿಟ್ಟು ಕುಳಿತೆ.

ಆಕೆ ಕಣ್ಣು ಮುಚ್ಚಿ ಬೆರಳಿನಿಂದ ಸೀರೆ ಸವರುತ್ತ ಹೋದರು. ಸಡಿಲಾದ ಕಡೆ ಬೆರಳು ನಿಂತಿತು. "ಇಲ್ಲಿ ಅತ್ತೀರಿ." ದಪ್ಪನೆಯ ಕಡೆ ನಿಂತಿತು. "ಇಲ್ಲಿ ಯಾರ ಮ್ಯಾಲ ಸಿಟ್ಟು ಬಂದಿತ್ತು?"

"ಪತ್ರ ತೆಗೀಲಿಲ್ರಿ ತಾಯಿ ಆ ಮನಷ್ಯಾ!" ಮಾಮ ತಡೆಯಲಾರದೆ ಬಾಯಿಬಿಟ್ಟರು. ಒಮ್ಮೆ ಬಿಟ್ಟ ಮೇಲೆ ನಿಲ್ಲಿಸಲಿಲ್ಲ. ಸೀರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮೊಳಕಾಲೂರಿ ಸರಿಯುತ್ತ, ಎಲ್ಲಿ ಏನಾಯಿತು ಎಂದು ತೋರಿಸುತ್ತ, ಎರಡೂ ಕಾದಂಬರಿ ಹೇಳಿದರು. ಬಯಲಾದ ಗೇಣಿಗೆ ಬಂದಾಗ ನರಸಮ್ಮನ ಕೈ ಬಾಯಿಗೆ ಹೋಗಿತ್ತು.

"ತಾಯಿ ಅಂದನಾ? ಹೆಂಡ್ತಿಗಿ? ಆಕಿ ಏನಂದ್ಳು?"

"ನಾನ ನಿನ್ನ ಹೆಂಡ್ತಿ ಅನ್ಲಿಲ್ರಿ. 'ಒಳಗ ಬಾರಪ್ಪ, ಉಂಡು ಕುಂದ್ರು, ಆಕಿ ಬರ್ತಾಳ' ಅಂದ್ಳು."

ಆ ಪುಟವನ್ನು ಗಟ್ಟಿಯಾಗಿ ಓದಿದವಳು ನಾನೇ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ಗೇಟುಗಳಿದ್ದವು.

ನರಸಮ್ಮ ಕಣ್ಣೊರೆಸಿಕೊಂಡು ಸೀರೆ ಮಡಚಿದರು. "ಸಂಬಂಧ ಕಾಯಂ. ಸುಳ್ಳು ಹೇಳದ ಬೀಗರು ಸಿಕ್ಕಾರ. ಈ ಸೀರಿ ಪೆಟಿಗ್ಯಾಗ ಇಟಗೋತೀನಿ. ಆದ್ರ ಮದುವಿಗಿ ಇದನ್ನ ಉಟ್ಟು ಹೊಂಟ್ರ ನಮ್ಮ ಓಣಿಯ ಮಗ್ಗ ಎಲ್ಲಾ ನಿಂತು ನಗ್ತಾವ. ಅದಕ್ಕ ಇನ್ನೊಂದು ನೇಯ್ದು ತರ್ರಿ. ನಂದು ಒಂದ ಷರತ್ತು."

ಮಾಮನ ಎದೆ ಮತ್ತೆ ಹೊಡೆದುಕೊಂಡಿರಬೇಕು. ಬಂಗಾರವೋ, ಗಾಡಿಯೋ?

ನರಸಮ್ಮ ನನ್ನ ಕಡೆ ಬೆರಳು ತೋರಿಸಿದರು. "ಸೀರಿ ಮುಗಿಯೂತನಕ ಈ ಹುಡುಗಿ ಆ ಮಗ್ಗದ ಹತ್ತಿರ ಹಾಯಬಾರದು."

ಹಿರಿಯರೊಬ್ಬರು ಎದ್ದು ಗಂಟಲು ಸರಿಮಾಡಿಕೊಂಡು, ವರನ ಕಡೆಯ ಏಕೈಕ ಷರತ್ತನ್ನು ಸಭೆಯ ಮುಂದೆ ಗಟ್ಟಿಯಾಗಿ ಸಾರಿದರು. ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದರು. ಗದ್ವಾಲದವರೆಲ್ಲ ಎತ್ತಿದರು. ನಾರಾಯಣಪೇಟೆಯವರೆಲ್ಲ ಎತ್ತಿದರು. ಅತ್ತೆ ಎರಡೂ ಕೈ ಎತ್ತಿದರು. ಮಾಮ ನನ್ನ ಮುಖ ನೋಡಿ, ಸ್ವಲ್ಪ ತಡೆದು, ಎತ್ತಿದರು. ವಿರೋಧಕ್ಕೆ ಯಾರಾದರೂ ಇದ್ದಾರೆಯೇ ಎಂದು ಹಿರಿಯರು ಸುತ್ತಲೂ ನೋಡಿದರು.

ಯಾರೂ ಇರಲಿಲ್ಲ. ನನ್ನ ಕೈಯೂ ಮೇಲೇ ಇತ್ತು.