ವಿಭೂತಿ ಹಚ್ಚಿಸಿಕೊಂಡ ಡ್ಯಾಶ್ ಕ್ಯಾಮೆರಾ ಅವರ ಸನ್ನಿಧಿಗೆ

ಮಾನ್ಯರೇ,

ಸವಣೂರಿನ ವೀಳ್ಯದೆಲೆ ವ್ಯಾಪಾರಿ ಪರಮೇಶಪ್ಪ ಎಲಿಗಾರ ಮಾಡುವ ಅನಂತ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ನಮ್ಮ ಕಾರಿನ ಮುಂದಿನ ಗಾಜಿಗೆ, ಹಿಂದಿನದನ್ನು ನೋಡುವ ಕನ್ನಡಿಯ ಮಗ್ಗುಲಿಗೆ ಅಂಟಿಕೊಂಡು ಕುಳಿತಿರುವ ತಾವೂ ಕ್ಷೇಮವೆಂದು ನಂಬಿದ್ದೇನೆ. ಹಗಲೂ ರಾತ್ರಿ ನಮ್ಮ ಬ್ಯಾಟರಿಯನ್ನು ಉಣ್ಣುತ್ತಿರುವವರ ಕ್ಷೇಮಕ್ಕೆ ಏನು ಕೊರತೆ? ಅಂಗಳದಲ್ಲೇ ನಿಂತಿರುವ ಕಾರಿನೊಳಗಿನವರಿಗೆ ಪತ್ರ ಬರೆಯುವುದೇಕೆ, ಬಾಗಿಲು ತೆಗೆದು ಎದುರಿಗೇ ಹೇಳಬಾರದೇ ಎಂದು ತಾವು ಕೇಳಬಹುದು. ತಮ್ಮೆದುರು ಬಾಯಿ ತೆರೆಯುವ ಧೈರ್ಯ ಸದ್ಯ ನಮ್ಮ ಮನೆಯಲ್ಲಿ ಯಾರಿಗೂ ಉಳಿದಿಲ್ಲ. ಅಲ್ಲದೆ ನಮ್ಮ ಖಾಸಗಿ ಮಾತುಗಳನ್ನು ತಾವು ಬಹಿರಂಗ ಮಾಡಿದ ಮೇಲೆ ನನ್ನ ದೂರು ಮಾತ್ರ ಲಕೋಟೆಯೊಳಗೆ ಮುದುಡಿಕೊಂಡಿರಬೇಕೆಂಬ ನಿಯಮವೂ ಇಲ್ಲ.

ತಮ್ಮನ್ನು ನಾವು ಎಷ್ಟು ಆದರದಿಂದ ಕರೆತಂದೆವು ಎಂಬುದನ್ನು ಮೊದಲು ನೆನಪಿಸಬೇಕು. ಬಂಕಾಪುರದ ರಸ್ತೆಯಲ್ಲಿ ಯಾರ ಗಾಡಿಗೆ ಯಾರ ಗಾಡಿ ತಾಗಿದರೂ ಇಬ್ಬರೂ ಇಳಿದು ಒಂದೇ ದನಿಯಲ್ಲಿ ನಿನ್ನದೇ ತಪ್ಪು ಎಂದು ಕೂಗುವುದು ರೂಢಿಯಾದ್ದರಿಂದ, ಸುಳ್ಳು ಹೇಳಲು ಬಾರದ ಒಬ್ಬ ಸಾಕ್ಷಿ ಕಾರಿನಲ್ಲಿ ಇರಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು. ಕಾರುಗಳ ವಾಯರಿಂಗ್ ಕೆಲಸ ಮಾಡುವ ನಮ್ಮ ಇನಾಯತ ಬಂದು, ಮೇಲ್ಛಾವಣಿಯ ಬಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಎಬ್ಬಿಸಿ, ಒಳಗೆ ಟೋಪಿ ಹಾಕಿಕೊಂಡು ಸುಮ್ಮನೆ ಮಲಗಿದ್ದ ಒಂದು ಪ್ಲಗ್ಗನ್ನು ಹೊರಗೆಳೆದು ತೋರಿಸಿದ. "ಸಾವ್ಕಾರ್ರ, ತುಟ್ಟಿ ಮಾಡಲ್ ಗಾಡಿಗೆ ಇಲ್ಲೊಂದು ದೀಪ ಬರ್ತೈತ್ರಿ. ನಿಮ್ಮ ಗಾಡಿಗೂ ವಾಯರ್ ಎಳದಾರ, ದೀಪ ಅಷ್ಟ ಕೊಟ್ಟಿಲ್ಲ" ಎಂದ. ಕಾರು ಕೊಂಡಂದಿನಿಂದ ನನ್ನ ನೆತ್ತಿಯ ಮೇಲೇ ನನಗೆ ಗೊತ್ತಿಲ್ಲದ ಆಸ್ತಿಯೊಂದು ಬಚ್ಚಿಟ್ಟುಕೊಂಡಿತ್ತೆಂದು ತಿಳಿದು ನನಗಾದ ಸಂತೋಷವನ್ನು ಏನೆಂದು ಬರೆಯಲಿ! ಒಂದು ವಾಯರನ್ನೂ ಕತ್ತರಿಸದೆ, ಸಿಗರೇಟು ಹೊತ್ತಿಸುವ ತೂತಿನಿಂದ ಹಾವಿನಂತೆ ಕೇಬಲ್ ಇಳಿಬಿಡದೆ, ಕಂಪನಿಯೇ ಎಳೆದಿಟ್ಟ ದಾರಿಯಲ್ಲಿ ತಮಗೆ ವಿದ್ಯುತ್ತು ಹರಿಯಿತು.

ಜೋಡಿಸುವ ಮುನ್ನ ಇನಾಯತ ಒಂದು ಮಾತು ಕೇಳಿದ. "ಇದರಾಗ ಎರಡು ಲೈನ್ ಅದಾವ್ರಿ. ಒಂದು ಕೀಲಿ ತಿರುವಿದ್ರ ಬರ್ತೈತಿ, ತಗದ್ರ ಹೋಗ್ತೈತಿ. ಇನ್ನೊಂದು ಯಾವಾಗ್ಲೂ ಜೀವಂತ ಇರ್ತೈತಿ. ಯಾವುದಕ್ಕ ಹಚ್ಚಲಿ?" ಕಾಯಲು ಇಟ್ಟವನು ಕೀಲಿ ತೆಗೆದ ಕೂಡಲೇ ನಿದ್ದೆ ಹೋದರೆ ಅವನನ್ನು ಇಟ್ಟುಕೊಂಡೇನು ಪ್ರಯೋಜನ ಎಂದು ಯೋಚಿಸಿ, ಯಾವಾಗಲೂ ಜೀವಂತವಿರುವುದಕ್ಕೇ ಹಚ್ಚು ಎಂದೆ. ಬ್ಯಾಟರಿ ಇಳಿದೀತು ಎಂದು ಅವನು ಎಚ್ಚರಿಸಿದ್ದನ್ನೂ ಕೇಳಲಿಲ್ಲ. ಮಾನ್ಯರೇ, ತಮಗೆ ಎಂದೂ ಮುಚ್ಚದ ಕಿವಿಯನ್ನು ದಯಪಾಲಿಸಿದವನು ನಾನೇ ಎಂಬುದನ್ನು ತಾವು ಮರೆತಂತೆ ಕಾಣುತ್ತದೆ. ನನ್ನ ಫೋನು ತಮ್ಮ ಆ್ಯಪನ್ನು ಒಳಗೆ ಬಿಟ್ಟುಕೊಳ್ಳದ್ದರಿಂದ ಅದನ್ನು ಮಗಳು ವಿದ್ಯಾಶ್ರೀಯ ಫೋನಿನಲ್ಲಿ ಹಾಕಿಸಿದವನೂ ನಾನೇ.

ನಮ್ಮ ಮನೆಗೆ ಮಿಕ್ಸರ್ ಬರಲಿ, ಪಂಪ್‌ಸೆಟ್ ಬರಲಿ, ಪೂಜೆಯಾಗದೆ ತಿರುಗಿದ್ದಿಲ್ಲ. ನನ್ನ ಅವ್ವ ವೀರವ್ವ ಊದಿನಕಡ್ಡಿ, ತೆಂಗಿನಕಾಯಿ, ನೆನೆಸಿದ ವಿಭೂತಿಯೊಂದಿಗೆ ಬಂದು ತಮ್ಮನ್ನು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ನೋಡಿ, "ಇದಕ್ಕ ಹಣಿ ಎಲ್ಲೈತೋ?" ಎಂದು ಕೇಳಿದಳು. ಯಾರೂ ಉತ್ತರ ಕೊಡುವ ಮೊದಲೇ ಎದುರಿಗೆ ಕಂಡ ದುಂಡನೆಯ ಗಾಜೇ ಹಣೆಯೆಂದು ತೀರ್ಮಾನಿಸಿ, ಬೆರಳು ಕೂಡಿಸಿ, ಮೂರು ಪಟ್ಟಿ ದಪ್ಪಗೆ ಎಳೆದೇಬಿಟ್ಟಳು. ಮಗಳು ಫೋನು ತೆರೆದು ನೋಡಿದರೆ ಸವಣೂರೂ ಇಲ್ಲ, ರಸ್ತೆಯೂ ಇಲ್ಲ, ಬರೀ ಬೆಳ್ಳಗೆ. ನಾನು ಅರಿವೆ ತೆಗೆದುಕೊಂಡು ಒರೆಸಲು ಹೋದೆ. "ಹಚ್ಚಿದ ವಿಭೂತಿ ಕೈಯಾರೆ ಒರಸ್ತಾರೇನು? ಕನ್ಯಾದ ಕೆಲಸಕ್ಕ ಹೊಂಟೀರಿ. ತಾನ ಉದುರಲಿ, ಬಿಡು" ಎಂದು ಅವ್ವ ಕಣ್ಣು ಬಿಟ್ಟಳು. ಕಣ್ಣು ಕಟ್ಟಿದವರ ಎದುರು ಇನ್ನೇನು ಸಂಕೋಚ ಎಂದು ನಾವೆಲ್ಲ ಆ ಕ್ಷಣದಿಂದಲೇ ತಮ್ಮನ್ನು ಮರೆತೆವು. ನಮ್ಮ ತಪ್ಪು ಅಲ್ಲಿಂದ ಶುರುವಾಯಿತು.

ಕನ್ಯಾದ ಕೆಲಸ ಎಂದಳಲ್ಲ ಅವ್ವ, ಅದು ಹೀಗೆ. ವಿದ್ಯಾಶ್ರೀ ದುಂಡಸಿ ಕಡೆಯ ಹಳ್ಳಿಗಳಲ್ಲಿ ದನಕರುಗಳಿಗೆ ಚಿಕಿತ್ಸೆ ಮಾಡುವ ಸರಕಾರಿ ನೌಕರಿಯಲ್ಲಿದ್ದಾಳೆ. ಗಂಡಸರೇ ಹಿಡಿಯಲು ಅಂಜುವ ಹೋರಿಗೆ ಸೂಜಿ ಚುಚ್ಚಿ ಬಂದು, ಕೈ ತೊಳೆದುಕೊಂಡು, ಅಜ್ಜಿಯ ಪಕ್ಕದಲ್ಲಿ ಕುಳಿತು ಉಣ್ಣುವವಳು. ಹಿರೇಕೆರೂರಿನ ಬೀಜ ಗೊಬ್ಬರದ ಅಂಗಡಿಯವರು ಬಂದು ಆಕೆಯನ್ನು ನೋಡಿ ಒಪ್ಪಿ ಹೋಗಿದ್ದರು. ಈಗ ನಾವು ಹೋಗಿ ಅವರ ಮನೆ ನೋಡಿ ಬರುವ ಸರದಿ. ಮನೆ ನೋಡಲು ಕನ್ಯೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿ ಬಾಳಬೇಕಾದವಳನ್ನು ಮನೆಯಲ್ಲಿ ಬಿಟ್ಟು, ಬಾಳಬೇಕಿಲ್ಲದ ನಾವೆಲ್ಲ ಹೊಸ ಅರಿವೆ ಹಾಕಿಕೊಂಡು ಹೋಗುತ್ತೇವೆ. ಹೊರಡುವಾಗ ಆಕೆ ಕಾರಿನ ಕಿಟಕಿಗೆ ಬಂದು ಒಂದೇ ಮಾತು ಹೇಳಿದಳು: "ಅಪ್ಪಾ, ಅವ್ರ ಮನೀ ದೊಡ್ಡದಿರ್ಲಿ ಸಣ್ಣದಿರ್ಲಿ. ನೌಕರಿ ಬಿಡಸ್ತಾರೋ ಇಲ್ಲೋ, ಅದೊಂದು ಖರೇ ತಿಳ್ಕೊಂಡು ಬಾ." ನಾನು ಆಗಲಿ ಎಂದೆ.

ಇಂಥ ಪ್ರಯಾಣಗಳ ಶಾಸ್ತ್ರ ಹೊರಗಿನವರಾದ ತಮಗೆ ತಿಳಿದಿರಲಾರದು. ಬೀಗರ ಮನೆಯಲ್ಲಿ ಯಾರೂ ಮನಸ್ಸಿನ ಮಾತು ಆಡುವುದಿಲ್ಲ. ಶಿರಾ ತಿನ್ನುತ್ತೇವೆ, ಮಿರ್ಚಿ ತಿನ್ನುತ್ತೇವೆ, ಬಾವಿ ನೋಡಿ ಬಾವಿ ಛಲೋ ಐತಿ ಎನ್ನುತ್ತೇವೆ, ಎದ್ದು ನಿಂತು ವಿಚಾರ ಮಾಡಿ ತಿಳಸ್ತೇವ್ರಿ ಎನ್ನುತ್ತೇವೆ. ಓಣಿಯ ತಿರುವು ದಾಟುವವರೆಗೆ ಕಿಟಕಿಯಿಂದ ಕೈ ಬೀಸುತ್ತೇವೆ. ಆಮೇಲೆ ಕಾರಿನ ಗಾಜು ಏರುತ್ತದೆ, ಬಾಯಿಗಳು ಬಿಚ್ಚುತ್ತವೆ. ನಮ್ಮ ತಾಲ್ಲೂಕುಗಳ ಎಷ್ಟು ಲಗ್ನಗಳು ಮಂಟಪದಲ್ಲಲ್ಲ, ಗಾಜು ಏರಿಸಿದ ಕಾರಿನಲ್ಲಿ ಕೂಡಿವೆ ಮತ್ತು ಮುರಿದಿವೆ ಎಂಬ ಲೆಕ್ಕ ಯಾರೂ ಇಟ್ಟಿಲ್ಲ, ಇಡಬಾರದೆಂದೇ ಇಟ್ಟಿಲ್ಲ.

ಹಿರೇಕೆರೂರಿನಲ್ಲಿ ಎಲ್ಲವೂ ಶಾಸ್ತ್ರದ ಪ್ರಕಾರವೇ ನಡೆಯಿತು. ನೌಕರಿಯ ಮಾತು ತೆಗೆದಾಗ ಹುಡುಗನ ತಂದೆ ಎದೆಯ ಮೇಲೆ ಕೈಯಿಟ್ಟು, "ಮಾಡ್ಲಿ ಬಿಡ್ರಿ, ನಮ್ಮದೇನ ಅಡ್ಡಿಲ್ಲ" ಎಂದರು. ಆಗ ಗೋವಿನಜೋಳ ಹೇರಿಕೊಂಡ ಟ್ರ್ಯಾಕ್ಟರೊಂದು ಓಣಿಯಲ್ಲಿ ನಮ್ಮ ಕಾರಿನ ಹಿಂದೆ ಸಿಕ್ಕಿಕೊಂಡು ಹಾರ್ನು ಹೊಡೆಯಿತು. ನನ್ನ ಕೈ ಶಿರಾದೊಳಗಿತ್ತು. "ನೀವ್ ಏಳಬ್ಯಾಡ್ರಿ, ಕೀಲಿ ಕೊಡ್ರಿ, ನಾವ ಸರಸ್ತೇವಿ" ಎಂದು ಅಪ್ಪ ಮಗ ಇಬ್ಬರೂ ಎದ್ದರು. ಎಂಥ ಸೌಜನ್ಯದ ಮಂದಿ ಎಂದು ನಾನು ನನ್ನ ಹೆಂಡತಿ ಮಾಲಾಳ ಕಡೆ ನೋಡಿದೆ. ಅವರು ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಕೀಲಿ ತೆಗೆದು, ಸ್ವಲ್ಪ ಹೊತ್ತು ಅದರಲ್ಲೇ ಕುಳಿತಿದ್ದರೆಂದು ಕಾಣುತ್ತದೆ. ಅದೂ ಸಹಜವೇ. ಮನೆ ತುಂಬ ಅತಿಥಿಗಳಿರುವಾಗ ಅತಿಥಿಗಳಿಲ್ಲದ ಜಾಗವೆಂದರೆ ಅತಿಥಿಗಳ ಕಾರು ಒಂದೇ.

ಹಾನಗಲ್ಲಿನ ಮೇಲೆ ಹಾಯ್ದು ಮನೆಗೆ ಬರುವಾಗ ನಾವು ನಾವೇ ಏನು ಮಾತಾಡಿದೆವು ಎಂಬುದು ಮನೆತನದ ವಿಷಯ, ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಮನೆ ಮುಟ್ಟಿದ ಮೇಲೆ ಮಗಳಿಗೆ ಮನೆ ಛಲೋ ಐತಿ, ಮಂದಿ ಛಲೋ ಅದಾರ, ನೌಕರಿಗೆ ಅಡ್ಡಿಯಿಲ್ಲ ಎಂದು ಹೇಳಿದೆ. ಆಕೆಯ ಮುಖ ಅರಳಿತು.

ಮರುದಿನ ಬೆಳಿಗ್ಗೆ ಎಲೆಯ ಪೆಂಡಿ ಹೇರಿಕೊಂಡು ಹೊರಟರೆ ಕಾರು ಜಪ್ಪೆನ್ನಲಿಲ್ಲ. ಬ್ಯಾಟರಿಯನ್ನು ತಾವು ನುಣ್ಣಗೆ ಉಂಡು ಮುಗಿಸಿದ್ದಿರಿ. ಇನಾಯತ ಬಂದು, ಬೇರೆ ಬ್ಯಾಟರಿಯಿಂದ ಎಬ್ಬಿಸಿ, ತಾವು ಎಷ್ಟು ಹೊತ್ತು ಎಚ್ಚರವಾಗಿದ್ದಿರೆಂದು ಫೋನಿನಲ್ಲಿ ನೋಡಲು ಮಗಳಿಗೆ ಹೇಳಿದ. ಆಕೆ ತೆರೆದಳು. ಚಿತ್ರವೆಂಬುದು ಅವ್ವನ ವಿಭೂತಿಯೇ ಆಗಿತ್ತು. ಆದರೆ ಆ ಬಿಳುಪಿನ ಹಿಂದಿನಿಂದ ಹುಡುಗನ ತಂದೆಯ ದನಿ, ನಮ್ಮ ಅಂಗಳದಲ್ಲೇ ನಿಂತು ಮಾತಾಡಿದಷ್ಟು ಸ್ವಚ್ಛವಾಗಿ ಬಂತು: "ಈಗ ಹ್ಞೂಂ ಅಂದ್ರಾತು. ಲಗ್ನ ಆಗ್ಲಿ, ಆಮ್ಯಾಲ ಬಿಡಸೂಣು. ದನದ ಬಾಲ ಹಿಡಿಯೋ ಸೊಸೀನ್ನ ಅಂಗಡ್ಯಾಗ ಏನಂತ ಹೇಳ್ಕೊಳ್ಲಿ?" ಮಗ ಎನ್ನಿಸಿಕೊಂಡವನು, "ಹ್ಞೂಂ ಅಪ್ಪಾ, ಈಗ ಏನೂ ಆಡಬ್ಯಾಡ" ಎಂದ.

ಇಷ್ಟಕ್ಕೇ ನಿಲ್ಲಿಸಿದ್ದರೆ ತಮಗೆ ನಾನೇ ಕೈಯಾರೆ ಹಾರ ಹಾಕುತ್ತಿದ್ದೆ. ನಮ್ಮ ಮನೆತನವನ್ನು ಕಾಪಾಡಿದ ದೇವರೆಂದು ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಆದರೆ ತಮ್ಮ ನಿಷ್ಠೆಗೆ ನಿಲ್ಲುವುದು ಗೊತ್ತಿಲ್ಲ. ನಿಲ್ಲಿಸಲು ಮಗಳು ಬೆರಳು ಎತ್ತಲಿಲ್ಲ, ತಾವು ಬಾಯಿ ಮುಚ್ಚಲಿಲ್ಲ. ಮಾಲಾಳ ದನಿ ಬಂತು: "ನೌಕರಿ ಬಿಡಸ್ತಾರ್ರೀ ಅವ್ರು. ಬೀಗತಿ ಮಾರಿ ನೋಡಿದೆ, ನಾ ಕೇಳಿದಾಗ ನೆಲ ನೋಡಿದ್ಲು." ಅದರ ಹಿಂದೆಯೇ ಒಬ್ಬ ಗಂಡಸಿನ ದನಿ, ತುಸು ಕೆಮ್ಮಿ, ಬಹಳ ಸಮಾಧಾನದಿಂದ ಹೇಳಿತು: "ಗೊತ್ತಾತ ಬಿಡು ನನಗೂ. ಬಿಟ್ರ ಬಿಡ್ತಾಳ. ಇಂಥಾ ಮನಿ ಮತ್ತ ಸಿಗೂದಿಲ್ಲ. ಆಕೀಗಿ ಮಾತ್ರ ಹೇಳಬ್ಯಾಡ್ರಿ."

ಆ ದನಿ ಯಾರದೆಂದು ಗುರುತಿಸಲು ಅಂಗಳದಲ್ಲಿದ್ದ ಯಾರಿಗೂ ಕಷ್ಟವಾಗಲಿಲ್ಲ. ಇನಾಯತ ಪುಣ್ಯಾತ್ಮ, ಬಾನೆಟ್ಟಿನೊಳಗೆ ತಲೆ ಹಾಕಿ, ಬಿಗಿಯಾಗಿಯೇ ಇದ್ದ ನಟ್ಟುಗಳನ್ನು ಮತ್ತೆ ಬಿಗಿಯತೊಡಗಿದ. ಅವ್ವ ಮಾತ್ರ, "ಕಣ್ಣಿಗೆ ಹಚ್ಚಿದ್ನೆಪ್ಪ. ಅದಕ್ಕ ಕಿವಿ ಎಲ್ಲಿ ಅದಾವಂತ ನನಗ ಯಾರು ಹೇಳಿದ್ರಿ?" ಎಂದು ಸಿಟ್ಟಾದಳು.

ವಿದ್ಯಾಶ್ರೀ ಅಳಲಿಲ್ಲ, ಕೂಗಾಡಲಿಲ್ಲ. ಹಾಗೆ ಮಾಡಿದ್ದರೆ ನಾನೂ ಕೂಗಾಡಿ ಗೆಲ್ಲುತ್ತಿದ್ದೆ, ಮನೆಯ ಗಂಡಸಿಗೆ ಅಷ್ಟು ಬರುತ್ತದೆ. ಆಕೆ ಫೋನನ್ನು ಕೆಳಗಿಟ್ಟು ಕೇಳಿದಳು: "ಅವ್ರು ಹೊರಗಿನವ್ರಪ್ಪಾ, ಅವ್ರು ಸುಳ್ಳು ಹೇಳಿದ್ರ ಹೇಳ್ಲಿ. ನೀ ಯಾಕ ಹೇಳ್ದಿ?" ಆಮೇಲೆ ಚೀಲ ತೆಗೆದುಕೊಂಡು ಶಿಗ್ಗಾವಿಯ ಬಸ್ಸಿಗೆ ಹೋದಳು. ಈ ಪ್ರಶ್ನೆಗೆ ಉತ್ತರವಿದೆಯೇ ಎಂದು ತಮ್ಮ ಡಬ್ಬಿಯಲ್ಲಿ ಬಂದಿದ್ದ ಕೈಪಿಡಿಯನ್ನು ಆದ್ಯಂತ ಓದಿದೆ. ಕಾರ್ಡು ತುಂಬಿದರೆ ಏನು ಮಾಡಬೇಕು, ಬಿಸಿಲಿಗೆ ಕಾದರೆ ಏನು ಮಾಡಬೇಕು ಎಂದೆಲ್ಲ ಇದೆ. ಇದು ಇಲ್ಲ.

ಆದ್ದರಿಂದ ಮಾನ್ಯರಲ್ಲಿ ನನ್ನ ನಮ್ರ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ಪರರ ಸುಳ್ಳುಗಳನ್ನು ಈಗಿನಂತೆಯೇ ಸ್ಪಷ್ಟವಾಗಿ ಕೇಳಿಸಿಕೊಂಡು, ಮನೆಯ ಯಜಮಾನ ಬಾಯಿ ತೆರೆದಾಗ ಮಾತ್ರ ತಾವು ತಾತ್ಕಾಲಿಕವಾಗಿ ಕಿವುಡರಾಗಬೇಕು. ಅದು ಆಗದಿದ್ದರೆ ಆ ಹೊತ್ತಿಗೆ ಟ್ರ್ಯಾಕ್ಟರಿನ ಹಾರ್ನನ್ನಾದರೂ ನನ್ನ ಮಾತಿನ ಮೇಲೆ ಹಾಕಬೇಕು. ಅದೂ ಆಗದಿದ್ದರೆ, ದಾಖಲೆಯಲ್ಲಿರುವ ಗಂಡಸಿನ ದನಿ ಸ್ಟೇರಿಂಗಿನದೆಂದು ಪ್ರಮಾಣಪತ್ರ ಕೊಡಬೇಕು. ಮತ್ತು ಸಾಧ್ಯವಿದ್ದರೆ, ಇದೊಂದು ಬೇಡಿಕೆಯಲ್ಲಿ ವ್ಯಂಗ್ಯವಿಲ್ಲ, ಮಗಳು ಕಿಟಕಿಗೆ ಬಂದು ಖರೇ ತಿಳ್ಕೊಂಡು ಬಾ ಎಂದ ಜಾಗಕ್ಕೆ ನಮ್ಮ ಕಾರನ್ನು ಹಿಂದಕ್ಕೆ ಒಯ್ದು ನಿಲ್ಲಿಸಬೇಕು.

ಹಿರೇಕೆರೂರಿನಿಂದ ಫೋನು ಬಂದ ದಿನ ನಡೆದದ್ದನ್ನೂ ತಿಳಿಸಿಬಿಡುತ್ತೇನೆ. ಇಂಥ ಹೊತ್ತಿನಲ್ಲಿ ಕುಂಡಲಿ ಕೂಡಲಿಲ್ಲ ಎನ್ನುವುದು ಮರ್ಯಾದಸ್ಥರ ಪದ್ಧತಿ. ಬಾಯಿಯವರೆಗೂ ಬಂದಿತ್ತು. ಮಗಳು ಎದುರಿಗೇ ರೊಟ್ಟಿ ಮುರಿಯುತ್ತ ಕುಳಿತಿದ್ದಳು. "ನಮ್ಮ ಹುಡುಗಿ ನೌಕರಿ ಬಿಡಂಗಿಲ್ರಿ" ಎಂದೆ. "ಬಿಡ್ಸ್ತೇವಂತ ನಾವ್ ಎಲ್ಲಿ ಅಂದ್ವಿ?" ಎಂದರು. "ನಮ್ಮ ಗಾಡ್ಯಾಗ ಅಂದ್ರಿ, ಬೇವಿನ ಗಿಡದ ಕೆಳಗ" ಎಂದೆ. ಕಾರು ಸರಿಸಿಕೊಟ್ಟಿದ್ದಕ್ಕೆ ಉಪಕಾರ ಹೇಳಿ ಫೋನು ಇಟ್ಟೆ. ಮಗಳು ನನ್ನ ತಾಟಿಗೆ ಒಂದು ರೊಟ್ಟಿ ಹಾಕಿದಳು. ಅಂದಿನಿಂದ ಅದೇ ಮೊದಲ ಸಲ.

ತಮ್ಮ ನಿದ್ದೆಯಿಲ್ಲದ ಸೇವೆಗೆ ತಲೆಬಾಗುತ್ತ, ತಮ್ಮೆದುರು ಮೌನವಾಗಿರಲು ಕಲಿಯುತ್ತಿರುವ,

ತಮ್ಮ ವಿಶ್ವಾಸಿ,
ಪರಮೇಶಪ್ಪ ಎಲಿಗಾರ
ಸವಣೂರು

ತಾ.ಕ.: ತಮ್ಮನ್ನು ಕೀಲಿಯ ಲೈನಿಗೆ ಬದಲಾಯಿಸಲು ಇನಾಯತನನ್ನು ಗುಟ್ಟಾಗಿ ಕರೆಸಿದ್ದೆ. ಮಗಳು ಬೇಡವೆಂದಳು; ದೊಡ್ಡ ಬ್ಯಾಟರಿ ಹಾಕಿಸಿದಳು. ಭಾನುವಾರ ಇನ್ನೊಂದು ಮನೆ ನೋಡಲು ಹೊರಟಿದ್ದೇವೆ. ಹಾನಗಲ್ಲಿನ ಕಡೆಗೋ ಶಿಗ್ಗಾವಿಯ ಕಡೆಗೋ ಎಂದು ಬಹಿರಂಗ ಪತ್ರದಲ್ಲಿ ಬರೆಯುವಷ್ಟು ದಡ್ಡ ನಾನಲ್ಲ. ಪದ್ಧತಿಯಂತೆ ವಿದ್ಯಾಶ್ರೀ ಈ ಸಲವೂ ಬರುವುದಿಲ್ಲ. ತಮ್ಮ ಗಾಜಿನ ವಿಭೂತಿಯನ್ನು ಒರೆಸಲೂ ಇಲ್ಲ, ಇರಲಿ, ಚಂದ ಕಾಣುತ್ತದೆ ಎಂದಿದ್ದಾಳೆ. ನನಗೆ ಹೇಳಿರುವುದು ಇಷ್ಟೇ: "ಅಪ್ಪಾ, ಗಾಡಿ ಅವ್ರ ಬಾಗಿಲಿಗೆ ಅಡ್ಡ ನಿಲ್ಲಸು. ಕೀಲಿ ಕೇಳಿದ್ರ ಕೊಟ್ಟು, ಆರಾಮ ಶಿರಾ ತಿನ್ನು." ಆಗಲಿ ಎಂದಿದ್ದೇನೆ. ಕಾರಿನೊಳಗೆ ಕುಳಿತೇ ಎಂದಿದ್ದೇನೆ, ತಮಗೆ ಕೇಳಿಸಲೆಂದು.