ಮೂವರಿಗೊಂದು ಹಾಸಿಗೆ, ಅದೂ ಬೇರೆ ಘಟಕದಲ್ಲಿ

ಮಾನಸಿಕ ಆಸ್ಪತ್ರೆಯ ಹಾಸಿಗೆ ಹಂಚಿಕೆ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ತಿರುಗುವ ಕುರ್ಚಿಗೂ, ಅದು ತಿರುಗಿದ ಕಡೆಗೆಲ್ಲ ತಿರುಗುವ ನಮ್ಮ ಹಣೆಬರಹಕ್ಕೂ ಅನಂತ ನಮಸ್ಕಾರಗಳು. ದೂರು ಹೇಳುವ ಮೊದಲು ಒಂದು ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ: ರೋಗಿಗೆ ಒಂದೇ ಲೋಟ ಚಹಾ ಎಂಬ ನಿಯಮ ಗೊತ್ತಿದ್ದೂ ನಾನು ದಿನಾ ಎರಡು ಲೋಟ ಕುಡಿದಿದ್ದೇನೆ. ಮೊದಲನೆಯದು ಸಕ್ಕರೆ ಹಾಕಿದ್ದು, ನನ್ನದು. ಅದು ಮುಗಿಯುವಷ್ಟರಲ್ಲಿ ದೊಡ್ಡಪ್ಪ ಎದ್ದು, “ನಂದೆಲ್ಲಯ್ಯಾ?” ಎಂದು ಗದರುತ್ತಾರೆ, ಅವರಿಗೆ ಸಕ್ಕರೆ ಆಗುವುದಿಲ್ಲ. ಹೊಟ್ಟೆ ಒಂದೇ ಅಲ್ಲವೇ ಎಂದು ಅಡುಗೆಯವರು ತಕರಾರು ತೆಗೆದರು. ಬಾಯಾರಿಕೆ ಎರಡು ಎಂದು ನಾನು ವಾದಿಸಿ ಗೆದ್ದೆ.

ತಮಗೆ ತಿಳಿದಿರುವಂತೆ, ಅಥವಾ ತಿಳಿಯದಿರುವಂತೆ, ಈ ಒಂದು ದೇಹದಲ್ಲಿ ನಾವು ಮೂವರು ಸರದಿಯ ಮೇಲೆ ವಾಸವಾಗಿದ್ದೇವೆ. ಡಾಕ್ಟರರು ಇದನ್ನು ಬಹುವ್ಯಕ್ತಿತ್ವದ ಕಾಯಿಲೆ ಎನ್ನುತ್ತಾರೆ, ನಾನು ಕೂಡುಕುಟುಂಬ ಎನ್ನುತ್ತೇನೆ. ಪತ್ರ ಬರೆಯುತ್ತಿರುವ ನಾನು ಪದವೀಧರ, ಮನೆಯ ಯಜಮಾನ. ನನ್ನ ಅಪ್ಪಣೆಯಿಲ್ಲದೆ ಒಬ್ಬರೂ ಹೊಸ್ತಿಲು ದಾಟುವುದಿಲ್ಲ. ದೊಡ್ಡಪ್ಪ ಮಾತ್ರೆ ಕಂಡರೆ ಕೆಂಡವಾಗುವವರು. ಪುಟ್ಟಿಗೆ ಏಳು ವರ್ಷ. ದೇಹಕ್ಕೆ ನಲವತ್ತು ದಾಟಿದರೂ ಅವಳು ಏಳನ್ನು ಬಿಟ್ಟು ಕದಲಿಲ್ಲ. ಹೀಗಾಗಿ ವಾರ್ಡಿನವರು ನನ್ನನ್ನು ‘ನೀವು’ ಎನ್ನುವುದು ಮರ್ಯಾದೆಯಲ್ಲ, ಬರೀ ಎಣಿಕೆ. ಒಳರೋಗಿ ಎಂಬ ಪದಕ್ಕೆ ಇಷ್ಟು ನ್ಯಾಯ ಒದಗಿಸಿದವರು ತಮ್ಮ ಆಸ್ಪತ್ರೆಯಲ್ಲಿ ಬೇರೊಬ್ಬರಿಲ್ಲ.

ತಮ್ಮ ಚುರುಕುತನವನ್ನಂತೂ ಎಷ್ಟು ಹೊಗಳಿದರೂ ಸಾಲದು. ಒಂದು ಘಟಕದಲ್ಲಿ ಬಚ್ಚಲು ಯಾವ ಕಡೆ ಎಂದು ಮೂವರಿಗೂ ಗೊತ್ತಾಗುವಷ್ಟರಲ್ಲಿ ತಾವು ನಮ್ಮನ್ನು ಇನ್ನೊಂದಕ್ಕೆ ದಾಟಿಸಿರುತ್ತೀರಿ. ಮೊದಲನೇ ಘಟಕದವರಿಗೆ ದೊಡ್ಡಪ್ಪ ಸಿಕ್ಕಿದರು, ‘ಉಗ್ರ’ ಎಂದು ತೀರ್ಮಾನವಾಯಿತು. ಎರಡನೆಯವರು ನನ್ನ ಜೊತೆ ಹರಟಿ, ಇಷ್ಟು ಸಂಭಾವಿತರಿಗೆ ಇಲ್ಲೇನು ಕೆಲಸ ಎಂದು ಬೆರಗಾದರು. ಮೂರನೆಯವರ ಎದುರು ಕೂತದ್ದು ಪುಟ್ಟಿ. ತುಟಿ ಬಿಚ್ಚಲಿಲ್ಲ, ‘ಮೂಕ’ ಎಂದರು. ಮೂರೂ ಘಟಕದವರು ಒಮ್ಮೆ ಒಟ್ಟಿಗೆ ಕೂತಿದ್ದರೆ ಪೂರ್ತಿ ರೋಗಿಯೊಬ್ಬ ಸಿಗುತ್ತಿದ್ದ. ಆದರೆ ಪರಸ್ಪರ ಮಾತು ಬಿಟ್ಟಿರುವುದು ನಮ್ಮ ಮನೆಯಲ್ಲಿ ಮಾತ್ರ ಎಂದು ತಾವು ನಂಬಿದ್ದೀರಿ.

ಈಗ ನಾಲ್ಕನೇ ಘಟಕದಲ್ಲಿ ಒಂದು ಅನಾಹುತ ನಡೆದಿದೆ. ಇಲ್ಲಿ ಬೆಳಗಿನ ಪಾಳಿಯ ಸಿಸ್ಟರ್ ಪರದೆ ಸರಿಸುವ ಮೊದಲು ಹೊರಗೇ ನಿಂತು, “ಯಾರಪ್ಪಾ ಎದ್ದಿರೋದು ಇವತ್ತು? ಒಳಗೆ ಬರ್ಲಾ?” ಎಂದು ಕೇಳುತ್ತಾರೆ. ಮೊನ್ನೆ ಅದಕ್ಕೆ ಪುಟ್ಟಿ, ಯಾವ ಘಟಕದಲ್ಲೂ ಬಾಯಿ ತೆರೆಯದ ನಮ್ಮ ಪುಟ್ಟಿ, “ನಾನು. ಸೂಜಿ ತಂದಿದೀಯಾ?” ಎಂದಳಂತೆ. “ಇಲ್ಲ ಕಣೇ, ಬಾಚಣಿಗೆ ತಂದಿದೀನಿ” ಎಂದ ಸಿಸ್ಟರ್, ನಮ್ಮ ಬೊಕ್ಕತಲೆಯನ್ನು ಸಾವಕಾಶವಾಗಿ ಬಾಚಿ, ಇಲ್ಲದ ಕೂದಲಿಗೆ ಎರಡು ಜಡೆಯನ್ನೂ ಹೆಣೆದರಂತೆ. ದೊಡ್ಡಪ್ಪನೂ ಗೊಣಗಲಿಲ್ಲವಂತೆ. ಮರುದಿನವೇ ತಮ್ಮ ಆದೇಶ ಬಂತು: ರೋಗಿ ಮಾತಾಡುತ್ತಿದ್ದಾರೆ, ಚೇತರಿಸಿಕೊಂಡಿದ್ದಾರೆ, ಗುರುವಾರ ಐದನೇ ಘಟಕಕ್ಕೆ ಕಳಿಸುವುದು.

ಮಾನ್ಯರೇ, ಅವಳು ಆಡಿರುವುದು ಇನ್ನೂ ಒಂದೇ ಮಾತು. ಹೊಸ ಜಾಗದಲ್ಲಿ ಅದನ್ನೂ ನುಂಗಿಕೊಂಡರೆ ಮತ್ತೆ ಹೊರಡಿಸುವವರು ಯಾರು? ಆದ್ದರಿಂದ ಚೇತರಿಸಿಕೊಂಡವರನ್ನಷ್ಟೇ ಸಾಗಿಸಬೇಕಾಗಿ ಕೋರುತ್ತೇನೆ. ನಾನು ಹೊರಡಲು ತಯಾರು, ಪುಟ್ಟಿಯನ್ನು ಇಲ್ಲೇ ಬಿಡಿ. ದೇಹರಚನೆ ಇದಕ್ಕೆ ಒಪ್ಪದಿದ್ದರೆ ಐದನೇ ಘಟಕವನ್ನೇ ಇಲ್ಲಿಗೆ ವರ್ಗಾಯಿಸಿ, ಗೋಡೆಗಳಿಗೆ ಹೊಸ ಜಾಗದ ಭಯವಿರುವುದಿಲ್ಲ. ಅದೂ ಆಗದೆಂದರೆ ಸಿಸ್ಟರನ್ನು ಔಷಧಿಯೆಂದು ಬರೆಸಿ ಜೊತೆಗೆ ಕಳಿಸಿ: ದಿನಕ್ಕೊಮ್ಮೆ, ಬೆಳಿಗ್ಗೆ, ಪರದೆಯ ಹೊರಗಿನಿಂದ. ಸಾಗಾಟದ ಚಿಂತೆ ತಮಗೆ ಬೇಡ. ಹಿಂದಿನ ಎಲ್ಲ ಸ್ಥಳಾಂತರಗಳನ್ನೂ ಯಜಮಾನನಾಗಿ ಮುಂದೆ ನಿಂತು ನಡೆಸಿಕೊಟ್ಟವನು ನಾನೇ.

ಗುರುವಾರದವರೆಗೆ ಮಾತ್ರ ಈ ವಿಳಾಸದಲ್ಲಿರುವ,
ತಮ್ಮ ವಿಶ್ವಾಸಿ
(ಮೂವರ ಪರವಾಗಿ, ಇಬ್ಬರನ್ನು ಕೇಳದೆ)

ಮರೆತ ಮಾತು: ಮುಂದೆ ನಿಂತು ಎಂದೆನಲ್ಲ, ಅದನ್ನು ದಯವಿಟ್ಟು ಹೊಡೆದುಹಾಕಿ. ಗಾಲಿಕುರ್ಚಿಯ ಸದ್ದು ಕೇಳಿದೊಡನೆ ಎಲ್ಲರಿಗಿಂತ ಮೊದಲು ಒಳಗೆ ಓಡುವವನು ನಾನು. ನನ್ನ ಬೆನ್ನಿಗೇ ದೊಡ್ಡಪ್ಪ. ಒಂದು ಘಟಕದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ನಾನು ಈವರೆಗೆ ಕಂಡೇ ಇಲ್ಲ. ಪ್ರತಿ ಸಲವೂ ಆ ಕುರ್ಚಿಯಲ್ಲಿ ಕೂತು ಹೋದವಳು ಪುಟ್ಟಿ, ಒಬ್ಬಳೇ. ಆ ದಾರಿ ಎಷ್ಟು ಉದ್ದವಿದೆ, ಅಲ್ಲಿ ಬೆಳಕಿದೆಯೇ ಎಂದು ತಾವಾದರೂ ಒಮ್ಮೆ ನಡೆದು ನೋಡಿ ತಿಳಿಸಬೇಕು. ಅವಳನ್ನು ಕೇಳಲು ನನಗೆ ಮುಖವಿಲ್ಲ.